ಲೋಟದ ಚಿತ್ರ, ಬಾಟ್ಲಿಯ ಚಿತ್ರ

ನಮ್ಮೂರಲ್ಲಿ ನೋಟಿಸಿಗೇನೂ ಕಮ್ಮಿ ಇಲ್ಲ. ನೀರಿನ ಟ್ಯಾಂಕಿನ ಗೋಡೆ ಮೇಲೆ ಒಂದು, ಅಂಗಡಿ ಬಾಗಿಲ ಮೇಲೆ ಎರಡು, ಆರೋಗ್ಯ ಕೇಂದ್ರದಲ್ಲಂತೂ ಒಂದರ ಮೇಲೊಂದು ಅಂಟಿಸಿ ಅಂಟಿಸಿ ಗೋಡೆಯ ಬಣ್ಣ ಯಾವುದು ಅನ್ನೋದೇ ಮರೆತುಹೋಗಿದೆ. ಆದರೂ ಜನ ಬಂದು ಕೇಳೋದು ಏನು? "ಮಕ್ಕಳಿಗೆ ಲಸಿಕೆ ಇವತ್ತಾ, ನಾಳೆನಾ?" ಗೋಡೆ ಮೇಲೆ ಬರೆದಿದೆಯಲ್ಲ ಅಂದ್ರೆ "ಎಲ್ಲಿ?" ಅಂತಾರೆ. ಅದೂ ಆ ನೋಟಿಸಿಗೇ ಬೆನ್ನು ಒರಗಿಸಿ ನಿಂತುಕೊಂಡು!

ಇಂಥವರನ್ನ ಕಂಡ್ರೆ ನನಗೆ ಮೈ ಉರೀತಿತ್ತು. ಯಾಕಂದ್ರೆ ಆ ನೋಟಿಸುಗಳೆಲ್ಲ ಅಚ್ಚಾಗೋದು ನನ್ನ ಪ್ರೆಸ್ಸಿನಲ್ಲಿ. ಬಸ್ ನಿಲ್ದಾಣದ ಹಿಂದೆ, ಟೈಲರ್ ಅಂಗಡಿ ಪಕ್ಕ, ಎರಡು ಕೋಣೆಯ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಹಿಂದಿನದರಲ್ಲಿ ಅಚ್ಚಿನ ಯಂತ್ರ ಮತ್ತೆ ಕಾಗದ ಕತ್ತರಿಸೋ ಯಂತ್ರ. ನಮ್ಮ ಯಜಮಾನರು ಹೋದ ಮೇಲೆ ಹದಿನಾರು ವರ್ಷದಿಂದ ನಾನೇ ನಡೆಸ್ತಿದ್ದೀನಿ. ಊರಿಗೆಲ್ಲ ನಾನು ಪ್ರೆಸ್ಸಕ್ಕ.

ನನ್ನ ಕೈ ಪಳಗಿದ್ದು ಮದುವೆ ಕಾಗದದಲ್ಲಿ. ಮದುವೆ ಕಾಗದ ಅಂದ್ರೆ ಗೊತ್ತಲ್ಲ, ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದ್ರೂ ಮುಖ ಊದಿಸಿಕೊಂಡು ಕೂತುಬಿಡ್ತಾರೆ. ಅದಕ್ಕೇ ಎಲ್ಲರ ಹೆಸರೂ ಹಿಡಿಸಬೇಕು. ಸುತ್ತ ಹೂಬಳ್ಳಿ, ಮೂಲೆಗೊಂದು ಗಿಳಿ, ಏಳು ಥರದ ಅಕ್ಷರ, ಐದು ಬಣ್ಣ. ಬೆರಳಿಡೋಷ್ಟು ಜಾಗ ಖಾಲಿ ಉಳಿದ್ರೂ ನನ್ನ ಜೀವಕ್ಕೆ ಸಮಾಧಾನ ಇರಲ್ಲ. ನೀರಿನ ನೋಟಿಸಾಗಲಿ, ಲಸಿಕೆ ನೋಟಿಸಾಗಲಿ, ಎಲ್ಲವನ್ನೂ ಮದುವೆ ಕಾಗದದ ಹಾಗೇ ಸಿಂಗರಿಸಿ ಕೊಡ್ತಿದ್ದೆ. ಜನ ಓದದಿದ್ರೆ ಅದು ಜನರ ತಪ್ಪು, ನನ್ನದಲ್ಲ ಅನ್ನೋ ಧಿಮಾಕು ಬೇರೆ.

ಆ ಧಿಮಾಕು ಹೇಗೆ ಇಳೀತು ಅಂತ ಹೇಳ್ತೀನಿ. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಮಳೆ ಶುರುವಾಗೋಕೆ ಒಂದು ವಾರ ಇದ್ದಾಗ ಆರೋಗ್ಯ ಕೇಂದ್ರದ ಸಿಸ್ಟರ್ ಪ್ರೆಸ್ಸಿಗೆ ಬಂದರು. ಜೊತೆಗೆ ಒಬ್ಬ ಸಣಕಲು ಮನುಷ್ಯ. ಉಗುರಿನ ಸಂದಿಯಲ್ಲೆಲ್ಲ ಹಳದಿ ಬಣ್ಣ ಮೆತ್ತಿಕೊಂಡಿತ್ತು.

"ಪ್ರೆಸ್ಸಕ್ಕ, ಇವರು ಬಾಣದ ಮೇಷ್ಟ್ರು" ಅಂದರು ಸಿಸ್ಟರ್. "ದೊಡ್ಡಾಸ್ಪತ್ರೆಯಲ್ಲಿ ದಾರಿ ತೋರಿಸೋ ಬಾಣ, ಬೋರ್ಡು ಎಲ್ಲ ಇವರ ಕೈಯದೇ. ಮಳೆ ಬಂದ್ರೆ ಮಕ್ಕಳಿಗೆ ಭೇದಿ ಶುರುವಾಗುತ್ತಲ್ಲ, ಅದಕ್ಕೆ ಓಆರ್‌ಎಸ್ ಪುಡಿ ಹೇಗೆ ಕಲಸಬೇಕು ಅಂತ ಎಂಟುನೂರು ಮನೆಗೂ ಕರಪತ್ರ ಹಂಚಬೇಕು. ಇವರು ಬರೆದುಕೊಟ್ಟಿದ್ದಾರೆ, ನೀವು ಅಚ್ಚು ಹಾಕಿಕೊಡಿ."

ಮೇಷ್ಟ್ರು ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟರು. ನಡುವೆ ಒಂದು ನೀರಿನ ಬಾಟ್ಲಿ. ಅದರ ಬಾಯಿಗೆ ಬಗ್ಗಿದ ಒಂದು ಪ್ಯಾಕೆಟ್ಟು. ಕೆಳಗೆ "ಒಂದು ಲೀಟರ್ ನೀರು, ಪೂರ್ತಿ ಪ್ಯಾಕೆಟ್" ಅಂತ ದಪ್ಪ ಅಕ್ಷರ. ಅಷ್ಟೇ! ಉಳಿದಿದ್ದೆಲ್ಲ ಬಿಳೀ ಹಾಳೆ.

"ಮಿಕ್ಕಿದ್ದು ಯಾವಾಗ ಬರೀತೀರಿ?" ಅಂದೆ.

"ಮುಗೀತಲ್ಲಕ್ಕ."

ನನಗೆ ನಗು ತಡೆಯೋಕಾಗಲಿಲ್ಲ. "ಅಲ್ಲ ಮೇಷ್ಟ್ರೇ, ಮುಕ್ಕಾಲು ಹಾಳೆ ಬೋಳು! ಪ್ರೆಸ್ಸಕ್ಕನ ಹತ್ರ ಇಂಕು ಮುಗಿದುಹೋಗಿತ್ತು ಅಂತ ಆಡಿಕೊಳ್ತಾರೆ ಜನ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಒಂದು ಕೋಣೇಲಿ ಹತ್ತು ಜನ ಒಟ್ಟಿಗೆ ಮಾತಾಡಿದ್ರೆ ಯಾರ ಮಾತೂ ಕೇಳಿಸಲ್ಲ ಅಕ್ಕ. ಒಂಬತ್ತು ಜನ ಸುಮ್ಮನಾದ್ರೆ ಹತ್ತನೆಯವರ ಮಾತು ಕೇಳುತ್ತೆ. ಆ ಬಿಳೀ ಜಾಗ ಇದೆಯಲ್ಲ, ಅದು ಸುಮ್ಮನಾದ ಒಂಬತ್ತು ಜನ."

"ಮಾತೇನೋ ಚೆನ್ನಾಗಿದೆ. ಕಾಗದ ಚೆನ್ನಾಗಿಲ್ಲ" ಅಂದುಬಿಟ್ಟೆ.

ಸಿಸ್ಟರ್‌ಗೆ ಮಾರನೇ ದಿನದಿಂದ ಇಪ್ಪತ್ತು ದಿನ ಬೇರೆ ಊರಲ್ಲಿ ತರಬೇತಿ ಇತ್ತು. "ಪ್ರೆಸ್ಸಕ್ಕ, ದಮ್ಮಯ್ಯ, ಇದು ಹೇಗಿದೆಯೋ ಹಾಗೇ ಇರಲಿ" ಅಂತ ಎರಡೆರಡು ಸಲ ಹೇಳಿ ಹೋದರು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಪಾಪ, ಅವರಿಗೇನು ಗೊತ್ತು, ನಾನೇ ಸ್ವಲ್ಪ ಕಳೆ ತುಂಬ್ತೀನಿ ಅಂತ ಕೂತೆ.

ಸುತ್ತ ಹೂಬಳ್ಳಿ, ಮೂಲೆಗೊಂದು ಗಿಳಿ ಬಂತು. ಮೇಲ್ಗಡೆ "ತಾಯಂದಿರೇ ಗಮನಿಸಿ" ಬಂತು. ಭೇದಿ ಯಾಕೆ ಬರುತ್ತೆ ಅಂತ ಎಂಟು ಸಾಲು, ಕೈ ಹೇಗೆ ತೊಳೀಬೇಕು ಅಂತ ಹನ್ನೆರಡು ಸಾಲು. ಆರೋಗ್ಯ ಸಮಿತಿಯ ಹದಿನಾಲ್ಕು ಜನರ ಹೆಸರು. ಯಾವುದೂ ಸುಳ್ಳಲ್ಲ, ಎಲ್ಲ ಒಳ್ಳೇ ಮಾತೇ. ಇನ್ನು ಆ ಬಾಟ್ಲಿ ನೋಡಿದ್ರೆ ಬೀದಿ ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ನನ್ನ ಕಂಪ್ಯೂಟರಿನಲ್ಲಿ ಒಂದು ಮಗುವಿನ ಫೋಟೋ ಇತ್ತು. ಕೆನ್ನೆಯಲ್ಲಿ ಗುಳಿ, ಕೈಯಲ್ಲಿ ಗಾಜಿನ ಲೋಟ, ಲೋಟವನ್ನೇ ನೋಡ್ತಾ ನಗ್ತಾ ಇತ್ತು. ಬಾಟ್ಲಿ ತೆಗೆದು ಆ ಮಗುವನ್ನ ದೊಡ್ಡದಾಗಿ ನಡುವೆ ಕೂರಿಸಿದೆ. ಲೋಟದ ಮೇಲೆ ಪ್ಯಾಕೆಟ್ಟಿನಿಂದ ಪುಡಿ ಸುರಿಯೋ ಹಾಗೆ ಮಾಡಿದೆ. ಎಷ್ಟು ಮುದ್ದಾಗಿತ್ತು ಅಂತೀರಾ!

"ಒಂದು ಲೀಟರ್" ಅನ್ನೋದನ್ನ ಬಿಡಲಿಲ್ಲ ಮತ್ತೆ. ಅದೂ ಇತ್ತು. ಕೆಳಗೆ ಎಡಗಡೆ ಮೂಲೆಯಲ್ಲಿ, ಹದಿನಾಲ್ಕು ಹೆಸರಿನ ಕೆಳಗೆ, ಫೋನ್ ನಂಬರಿನ ಪಕ್ಕ, ಇರುವೆ ಗಾತ್ರದ ಅಕ್ಷರದಲ್ಲಿ.

ಕಟ್ಟು ಒಯ್ಯೋಕೆ ಕೇಂದ್ರದ ಗಾಡಿ ಬಂತು. ಯಾರೂ ಬಿಚ್ಚಿ ನೋಡಲಿಲ್ಲ. ಎರಡೇ ದಿನದಲ್ಲಿ ಎಂಟುನೂರು ಮನೆಗೂ ಹಂಚಿದ್ದಾಯ್ತು. ಟೈಲರಣ್ಣ ಬಂದು "ಪ್ರೆಸ್ಸಕ್ಕ, ಇದಕ್ಕೆ ಫ್ರೇಮ್ ಹಾಕಿಸಬಹುದು" ಅಂದಾಗ ನಾನು ಉಬ್ಬಿಹೋದೆ.

ಮಳೆ ಹಿಡೀತು. ಒಂದು ವಾರಕ್ಕೆ ನನ್ನ ಮೊಮ್ಮಗಳಿಗೇ ಭೇದಿ ಶುರುವಾಯ್ತು.

ಮೊಮ್ಮಗಳಿಗೆ ಮೂರು ವರ್ಷ. ಸದಾ ಚಿಲಿಪಿಲಿ ಅಂತಾಳೆ ಅಂತ ಗುಬ್ಬಿ ಅಂತ ಕರೀತೀವಿ. ಮಗಳ ಮನೆ ನಮ್ಮ ಪ್ರೆಸ್ಸಿನಿಂದ ಎರಡು ಬೀದಿ ಆಚೆ. ಅಳಿಯ ಲಾರಿ ಓಡಿಸೋನು, ಆವತ್ತು ಊರಲ್ಲಿರಲಿಲ್ಲ. ಮಗಳು ಡಿಗ್ರಿ ಓದಿದವಳು, ಅಕ್ಷರ ಬಾರದವಳಲ್ಲ. ಇದನ್ನ ನೆನಪಿಟ್ಟುಕೊಳ್ಳಿ. ನನ್ನ ಕರಪತ್ರ ಬಂದ ದಿನವೇ "ನಮ್ಮಮ್ಮ ಮಾಡಿದ್ದು" ಅಂತ ಅಡುಗೆಮನೆ ಕಪಾಟಿಗೆ ಅಂಟಿಸಿಕೊಂಡಿದ್ದಳು.

ಮಧ್ಯಾಹ್ನ ಫೋನು ಬಂತು. "ಅಮ್ಮ, ಬೆಳಿಗ್ಗೆಯಿಂದ ಓಆರ್‌ಎಸ್ ಕೊಡ್ತಾನೇ ಇದ್ದೀನಿ. ಮೂರು ಲೋಟ ಆಯ್ತು. ಕೊಟ್ಟಷ್ಟೂ ಬಾಯಾರಿಕೆ, ಬಾಯಾರಿಕೆ ಅಂತ ಅಳ್ತಿದ್ದಳು. ಈಗ ಅಳೂನೂ ಇಲ್ಲ. ಕರೆದ್ರೆ ಸರಿಯಾಗಿ ಕಣ್ಣೇ ಬಿಡ್ತಿಲ್ಲಮ್ಮ."

ಪ್ರೆಸ್ಸಿನ ಬಾಗಿಲು ಹಾಕಿದೆನೋ ಇಲ್ಲವೋ ಗೊತ್ತಿಲ್ಲ. ಆಟೋ ಹತ್ತಿ ಮಗಳನ್ನೂ ಮಗುವನ್ನೂ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆ. ಗುಬ್ಬಿ ನನ್ನ ತೋಳಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದಳು.

ಆ ಆಸ್ಪತ್ರೆ ಎಷ್ಟು ದೊಡ್ಡದು ಅಂತ ಹೋದವರಿಗೇ ಗೊತ್ತು. ನಾಲ್ಕು ಕಟ್ಟಡ, ಹತ್ತಾರು ಬಾಗಿಲು. ಆದರೆ ಆವತ್ತು ನಾನು ಯಾರನ್ನೂ ಏನೂ ಕೇಳಲಿಲ್ಲ. ಗೇಟಿನ ಹತ್ರ ತಲೆ ತಗ್ಗಿಸಿ ಮಗುವಿನ ಮುಖ ನೋಡ್ತಿದ್ದೆ, ಕಾಲ ಕೆಳಗೆ ಅಗಲವಾದ ಹಳದಿ ಪಟ್ಟೆ ಕಾಣಿಸ್ತು. ಪಟ್ಟೆಯ ಮೇಲೆ ಅಲ್ಲಲ್ಲಿ ದುಂಡನೆಯ ಮಗುವಿನ ಮುಖ. ತಿರುವು ಬಂದಲ್ಲಿ ಆ ಮುಖ ಎಡಕ್ಕೆ ನೋಡ್ತಿತ್ತು, ನಾನೂ ಎಡಕ್ಕೆ ತಿರುಗಿದೆ. ಇನ್ನೊಂದು ತಿರುವಲ್ಲಿ ಬಲಕ್ಕೆ ನೋಡ್ತಿತ್ತು, ಬಲಕ್ಕೆ ತಿರುಗಿದೆ. ಯೋಚನೆ ಮಾಡಿ ನಡೆದೆ ಅಂತಲ್ಲ, ಕಾಲೇ ನಡೆದುಕೊಂಡು ಹೋಯ್ತು. ತಲೆ ಎತ್ತಿದಾಗ ಮಕ್ಕಳ ವಾರ್ಡಿನ ಮೇಜಿನ ಮುಂದೆ ನಿಂತಿದ್ದೆ.

ಡಾಕ್ಟರಮ್ಮ ಗುಬ್ಬಿಯ ಕಣ್ಣು, ನಾಲಿಗೆ ನೋಡಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು.

"ಏನು ಕೊಟ್ಟಿದ್ದೀರಿ?"

"ಓಆರ್‌ಎಸ್" ಅಂದಳು ಮಗಳು. ಉಳಿದಿದ್ದ ಪ್ಯಾಕೆಟ್ಟು ಬ್ಯಾಗಿಂದ ತೆಗೆದು ತೋರಿಸಿದಳು.

"ಒಂದು ಪ್ಯಾಕೆಟ್ಟಿಗೆ ಎಷ್ಟು ನೀರು?"

"ಒಂದು ಲೋಟ."

ಡಾಕ್ಟರಮ್ಮನ ಪೆನ್ನು ನಿಂತುಹೋಯ್ತು. "ಇದು ಒಂದು ಲೀಟರಿಗೆ ಹಾಕೋ ಪ್ಯಾಕೆಟ್ಟಮ್ಮ. ಲೋಟಕ್ಕೆ ಹಾಕಿದ್ರೆ ಐದು ಪಟ್ಟು ಗಟ್ಟಿ ಆಗುತ್ತೆ. ಪುಟ್ಟ ಮಗುವಿನ ಮೈಗೆ ಅಷ್ಟು ಉಪ್ಪು ಏರಿದ್ರೆ ಗತಿ ಏನು? ಲೋಟಕ್ಕೆ ಹಾಕು ಅಂತ ಯಾರು ಹೇಳಿದ್ದು?"

ಮಗಳು ಬ್ಯಾಗಿಗೆ ಮತ್ತೆ ಕೈ ಹಾಕಿ ಮಡಿಸಿದ ಒಂದು ಕಾಗದ ತೆಗೆದಳು. ಹೊರಡೋ ಗಡಿಬಿಡಿಯಲ್ಲೂ ಡಾಕ್ಟರಿಗೆ ತೋರಿಸೋಣ ಅಂತ ಕಪಾಟಿನಿಂದ ಕಿತ್ತುಕೊಂಡು ಬಂದಿದ್ದಳು. "ಇದರಲ್ಲಿ ಇರೋ ಹಾಗೇ ಮಾಡಿದೆ ಡಾಕ್ಟ್ರೇ."

ಹೂಬಳ್ಳಿ, ಗಿಳಿ, ಗುಳಿಕೆನ್ನೆಯ ಮಗು. ನನ್ನ ಕರಪತ್ರ.

ಆದರೂ ನೋಡಿ ಮನುಷ್ಯರ ಬುದ್ಧಿ, ನನ್ನ ಬಾಯಿಂದ ಮೊದಲು ಬಂದಿದ್ದು ಆ ಹಳೇ ಬೈಗುಳವೇ. "ಒಂದು ಲೀಟರ್ ಅಂತ ಬರೆದಿದೆಯಲ್ಲೇ!"

ಮಗಳು ಕಾಗದ ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಲಿಂದ ಕೆಳಗೆ ಹುಡುಕಿದಳು. ಕಣ್ಣಲ್ಲಿ ನೀರು ತುಂಬಿತ್ತು. "ಎಲ್ಲಮ್ಮ?" ಅಂದಳು.

ಬೆರಳಿಟ್ಟು ತೋರಿಸೋಕೆ ನನಗೆ ಧೈರ್ಯ ಬರಲಿಲ್ಲ.

ಮಗುವನ್ನ ದಾಖಲು ಮಾಡಿಕೊಂಡರು. "ಏರಿದ ಉಪ್ಪನ್ನ ನಿಧಾನವಾಗಿ ಇಳಿಸಬೇಕು, ಆತುರ ಮಾಡೋ ಹಾಗಿಲ್ಲ. ನಾಳೆ ಹೊತ್ತಿಗೆ ಹೇಳ್ತೀನಿ" ಅಂದರು ಡಾಕ್ಟರಮ್ಮ. ಆ ನಾಳೆ ಬರೋವರೆಗೆ ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಒಂದು ಮಾತು ಬೈದಿದ್ರೆ ಚೆನ್ನಾಗಿತ್ತು.

ಬೆಳಿಗ್ಗೆ ಮುಖ ತೊಳೆಯೋಕೆ ಹೊರಗೆ ಬಂದ್ರೆ, ವಾರ್ಡಿನ ಮುಂದೆ ಒಬ್ಬರು ಮಂಡಿಯೂರಿ ಕೂತು ಮಾಸಿದ ಹಳದಿ ಪಟ್ಟೆಗೆ ಬಣ್ಣ ಬಳೀತಿದ್ದರು. ನೋಡಿದ್ರೆ ಬಾಣದ ಮೇಷ್ಟ್ರು! ಅವರನ್ನ ನೋಡಿ ತಿರುಗಿ ಓಡಿಹೋಗೋಣ ಅನ್ನಿಸ್ತು. ಓಡಲಿಲ್ಲ. ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಬಾಟ್ಲಿ ತೆಗೆದಿದ್ದು, ಲೋಟ ಇಟ್ಟಿದ್ದು, ಗುಬ್ಬಿ ಒಳಗೆ ಮಲಗಿರೋದು.

ಬೈತಾರೆ ಅಂದುಕೊಂಡೆ. ಅವರು ಕುಂಚ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡು, ನಾನು ಸೆರಗಲ್ಲಿ ಮಡಚಿಟ್ಟುಕೊಂಡಿದ್ದ ಕರಪತ್ರ ಇಸಿದುಕೊಂಡರು. ಕಣ್ಣು ಅರ್ಧ ಮುಚ್ಚಿ ಅದನ್ನ ನೋಡಿದರು.

"ನೀವೂ ಹೀಗೆ ನೋಡಿ ಅಕ್ಕ, ನಿದ್ದೆ ಬಂದವರ ಹಾಗೆ."

ನೋಡಿದೆ. ಹೂಬಳ್ಳಿ ಮಂಜಾಯ್ತು. ಇಪ್ಪತ್ತು ಸಾಲು ಬೂದಿ ಬಣ್ಣದ ಕಲೆ ಆಯ್ತು. ಹದಿನಾಲ್ಕು ಹೆಸರು ಎಲ್ಲೋ ಕರಗಿಹೋದವು. ಉಳಿದಿದ್ದು ಎರಡೇ, ನಗೋ ಮುಖ ಮತ್ತೆ ಲೋಟ.

"ನಿಮ್ಮ ಮಗಳು ನೋಡಿದ್ದು ಇಷ್ಟನ್ನೇ" ಅಂದರು. "ಅವಳ ತಪ್ಪೇನೂ ಇಲ್ಲ. ಹೆದರಿದ ತಾಯಿ ಓದಲ್ಲ ಅಕ್ಕ, ನೋಡ್ತಾಳೆ. ಎಷ್ಟೇ ಓದಿದವರಾದ್ರೂ ಅಷ್ಟೇ."

"ಅಷ್ಟು ದೊಡ್ಡ ಹಾಳೇಲಿ ಲೋಟಾನೇ ಯಾಕೆ ಕಾಣಬೇಕು?"

"ಬೀದೀಲಿ ಒಬ್ಬ ನಿಂತುಕೊಂಡು ಮೇಲೆ ನೋಡ್ತಿದ್ರೆ ಹೋಗೋ ಬರೋರೆಲ್ಲ ಮೇಲೆ ನೋಡಲ್ವಾ? ಮುಖ ಕಂಡ್ರೆ ನಮ್ಮ ಕಣ್ಣು ಮೊದಲು ಅಲ್ಲಿಗೆ ಹೋಗುತ್ತೆ. ಆಮೇಲೆ ಆ ಮುಖ ಎಲ್ಲಿ ನೋಡುತ್ತೋ ಅಲ್ಲಿಗೆ. ನಿಮ್ಮ ಚಿತ್ರದ ಮಗು ಲೋಟ ನೋಡ್ತಿದೆ. ಪಕ್ಕದಲ್ಲೇ ಪ್ಯಾಕೆಟ್ಟಿದೆ. ಅಕ್ಕಪಕ್ಕ ಇರೋದನ್ನ ಒಂದಕ್ಕೊಂದು ಸಂಬಂಧ ಅಂತಲೇ ಮನಸ್ಸು ತಗೊಳ್ಳೋದು. ನಿಮ್ಮ ಲೀಟರು ಯಾರ ಪಕ್ಕ ಇದೆ ಹೇಳಿ?"

"ಫೋನ್ ನಂಬರಿನ ಪಕ್ಕ" ಅಂದೆ.

ಆಗ ನನಗೆ ಹಿಂದಿನ ದಿನದ್ದು ನೆನಪಾಯ್ತು. "ಮೇಷ್ಟ್ರೇ, ನಿನ್ನೆ ಗೇಟಿನಿಂದ ಇಲ್ಲಿವರೆಗೆ ನಾನು ಒಂದಕ್ಷರ ಓದಲಿಲ್ಲ. ಸೀದಾ ಬಂದುಬಿಟ್ಟೆ. ಅದು ಹೇಗೆ?"

ಅವರ ಮುಖ ಅರಳಿತು. ಮೆಚ್ಚಿಕೊಂಡ್ರೆ ನಾಚಿಕೊಳ್ಳೋ ಜಾತಿ ಅವರು, ನೆಲ ನೋಡ್ತಾ ಹೇಳಿದರು. "ಮೊದಲು ಇಲ್ಲಿ ದೊಡ್ಡ ದೊಡ್ಡ ಬೋರ್ಡು ಇತ್ತು ಅಕ್ಕ, ತಲೆ ಮೇಲೆ. ಆದ್ರೂ ಜನ ಕಳೆದುಹೋಗ್ತಿದ್ರು. ಯಾಕೆ ಅಂತ ಗೊತ್ತಾಗದೆ ಒಂದು ತಿಂಗಳು ಗೇಟಿನ ಹತ್ರ ಸ್ಟೂಲು ಹಾಕಿಕೊಂಡು ಕೂತೆ. ಮಗು ಎತ್ತಿಕೊಂಡು ಬರೋರು ಮೇಲೆ ನೋಡೋದೇ ಇಲ್ಲ. ಮಗುವಿನ ಮುಖ ನೋಡ್ತಾರೆ, ಇಲ್ಲ ನೆಲ ನೋಡ್ತಾರೆ. ಅದಕ್ಕೇ ದಾರೀನ ನೆಲಕ್ಕೆ ಇಳಿಸಿದೆ."

ಎಂಥಾ ಮನುಷ್ಯ ನೋಡಿ! ನಾನು ಯಾರು, ಯಾವತ್ತು ಬರ್ತೀನಿ, ಯಾವ ಸ್ಥಿತೀಲಿ ಬರ್ತೀನಿ ಅಂತ ಗೊತ್ತಿಲ್ಲದೇ ನನಗೋಸ್ಕರ ಬಿಸಿಲಲ್ಲಿ ಒಂದು ತಿಂಗಳು ಕೂತಿದ್ದರಲ್ಲ. ನಾನು ಹದಿನಾರು ವರ್ಷದಲ್ಲಿ ಒಂದೇ ಒಂದು ದಿನ ನನ್ನ ನೋಟಿಸಿನ ಮುಂದೆ ನಿಂತು, ಜನ ಹೇಗೆ ನೋಡ್ತಾರೆ ಅಂತ ನೋಡಿರಲಿಲ್ಲ. ಬರೀ ಬೈದಿದ್ದೆ. ಆವತ್ತು ಅಲ್ಲೇ ಬೆಂಚಿನ ಮೇಲೆ ಗಳಗಳ ಅತ್ತುಬಿಟ್ಟೆ.

ಗುಬ್ಬಿ ಹನ್ನೊಂದು ಗಂಟೆಗೆ ಕಣ್ಣು ಬಿಟ್ಟಳು. ಹೋದ ಜೀವ ಬಂದ ಹಾಗಾಯ್ತು. ನನ್ನನ್ನ ನೋಡಿ ಮೊದಲು ಹೇಳಿದ್ದು ಏನು ಗೊತ್ತಾ? "ಅಜ್ಜಿ, ಲೋಟದ ನೀರು ಬೇಡ."

ಆ ಮಾತು ಕೇಳಿದ ಮೇಲೆ ನಾನು ಕೂರಲಿಲ್ಲ. ಇನ್ನೂ ಏಳುನೂರ ತೊಂಬತ್ತೊಂಬತ್ತು ಮನೆಯ ಗೋಡೆ ಮೇಲೆ ನನ್ನ ಲೋಟ ನಗ್ತಾ ಕೂತಿತ್ತಲ್ಲ! ಸಿಸ್ಟರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡೆ. ಅವರು ತರಬೇತಿ ಬಿಟ್ಟು ಸಂಜೆಯೊಳಗೆ ಬಂದರು. ಅವರ ಬಾಯಿಂದ ಕೇಳಬೇಕಾದ್ದನ್ನೆಲ್ಲ ಕೇಳಿದೆ, ಕೇಳಲೇಬೇಕಿತ್ತು. ಆಮೇಲೆ ಊರಿನ ಮಹಿಳಾ ಸಂಘದ ಹೆಂಗಸರೆಲ್ಲ ಸೇರಿ ಎರಡು ದಿನ ಮನೆಮನೆ ಸುತ್ತಿದೆವು. ಕರಪತ್ರ ವಾಪಸ್ ಇಸಿದುಕೊಂಡು, "ಲೋಟ ಅಲ್ಲ, ಪೂರ್ತಿ ಲೀಟರು" ಅಂತ ಬಾಯಲ್ಲಿ ಹೇಳಿ ಬಂದೆವು. ಹನ್ನೊಂದು ಮನೆಯಲ್ಲಿ ಲೋಟಕ್ಕೇ ಕಲಸಿದ್ದರು. ಎರಡು ಮಕ್ಕಳನ್ನ ಆಸ್ಪತ್ರೆಗೆ ಕರೆದೊಯ್ಯಬೇಕಾಯ್ತು, ಸದ್ಯ ಇಬ್ಬರೂ ಹುಷಾರಾದರು.

ಮೂರನೇ ದಿನ ಬಾಣದ ಮೇಷ್ಟ್ರು ನನ್ನ ಪ್ರೆಸ್ಸಿಗೆ ಬಂದರು. ಹೊಸ ಕರಪತ್ರ ಆಗಬೇಕಿತ್ತು.

"ಮೇಷ್ಟ್ರೇ, ಲೋಟದ ಚಿತ್ರ ಹಾಕಿ ಅದರ ಮೇಲೆ ಒಂದು ಕೆಂಪು ಗೀಟು ಎಳೆದುಬಿಡೋಣ. ಲೋಟ ಬೇಡ ಅಂತ ಎಲ್ಲರಿಗೂ ತಿಳಿಯುತ್ತೆ" ಅಂದೆ. ಸ್ವಲ್ಪ ಬುದ್ಧಿ ಬಂದಿದೆ ಅಂತ ತೋರಿಸಿಕೊಳ್ಳೋ ಆಸೆ.

"ನಾವಿಬ್ಬರೂ ವಾದ ಮಾಡೋದು ಬೇಡ. ನೋಡೋರನ್ನೇ ಕೇಳೋಣ" ಅಂದರು. ಅಲ್ಲೇ ಒಂದು ಹಾಳೆ ಮೇಲೆ ನಾನು ಹೇಳಿದ ಹಾಗೇ ಲೋಟ, ಸುರಿಯೋ ಪುಡಿ, ಕೆಂಪು ಗೀಟು ಬರೆದರು. ಅದನ್ನ ಹಿಡಿದುಕೊಂಡು ಪಕ್ಕದ ಅಂಗಡಿಗೆ ಹೋದೆವು. ಟೈಲರಣ್ಣನ ಮುಂದೆ ಹಾಳೆ ಹಿಡಿದು, ಒಂದು, ಎರಡು, ಮೂರು ಅಂತ ಎಣಿಸಿ, ಮಗುಚಿಟ್ಟರು.

"ಏನು ನೋಡಿದ್ರಿ?"

"ಲೋಟ" ಅಂದ ಟೈಲರಣ್ಣ.

ಎದುರಿಗೆ ತರಕಾರಿ ಮಾರೋ ಅಜ್ಜಿ ಕೂತಿದ್ದಳು. ಅಕ್ಷರ ಬಾರದು. ಅವಳಿಗೂ ಮೂರು ಎಣಿಸಿ ಮಗುಚಿಟ್ಟರು.

"ಲೋಟಕ್ಕೆ ಏನೋ ಪುಡಿ ಹಾಕಿದ್ದಾರೆ" ಅಂದಳು ಅಜ್ಜಿ. "ಕುಡಿಯೋಕೆ ಕೆಂಪು ಸ್ಟ್ರಾನೂ ಇಟ್ಟಿದ್ದಾರಲ್ಲಪ್ಪ!"

ನನ್ನ ಗೀಟು ಸ್ಟ್ರಾ ಆಗಿತ್ತು. ಟೈಲರಣ್ಣ ಬಿದ್ದು ಬಿದ್ದು ನಕ್ಕ, ನಾನೂ ನಕ್ಕೆ. ಮೇಷ್ಟ್ರು ಮಾತ್ರ ನಗದೇ ಅಜ್ಜಿಗೆ ಕೈ ಮುಗಿದರು. "ಬೇಡ ಅನ್ನೋದನ್ನ ತೋರಿಸಿದ್ರೂ ಮನಸ್ಸಲ್ಲಿ ಉಳಿಯೋದು ಅದೇ ಅಕ್ಕ. ಮಾಡಬೇಕಾದ್ದನ್ನೇ ತೋರಿಸಬೇಕು" ಅಂದರು. ಲೋಟ ಅಲ್ಲಿಗೆ ಹೋಯ್ತು.

ಆಮೇಲೆ ಅವರ ಬಾಟ್ಲಿ ಚಿತ್ರ ತೋರಿಸಿದರು. ಇಲ್ಲಿ ಕೇಳಿ, ಅವರದ್ದೂ ಪಾಸಾಗಲಿಲ್ಲ! ಅಜ್ಜಿ "ಬಾಟ್ಲಿ" ಅಂದಳು ಸರಿ. ಎಷ್ಟು ದೊಡ್ಡ ಬಾಟ್ಲಿ ಅಂತ ಕೇಳಿದ್ರೆ ಬೆರಳುದ್ದ ಅಳತೆ ತೋರಿಸಿದಳು. ಔಷಧಿ ಬಾಟ್ಲಿ ಅಂದುಕೊಂಡಿದ್ದಳು. ಮೇಷ್ಟ್ರ ಮುಖ ಸಪ್ಪಗಾಯ್ತು, ಆದರೆ ಒಂದು ಮಾತೂ ವಾದ ಮಾಡಲಿಲ್ಲ. "ಅಜ್ಜಿ ಹೇಳಿದ್ದೇ ಸರಿ, ನಾನು ಬರೆದಿದ್ದರಲ್ಲಿ ಅಳತೆ ಇಲ್ಲ" ಅಂತ ತಲೆ ಕೆರೆದುಕೊಂಡು ನಿಂತರು. ಅವರ ಕೈಚಳಕಕ್ಕಿಂತ ಹೆಚ್ಚಾಗಿ ಆ ಗುಣಕ್ಕೆ ನಾನು ಸೋತುಹೋದೆ.

ಪ್ರೆಸ್ಸಿಗೆ ವಾಪಸ್ ಬಂದು ಇಬ್ಬರೂ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತೆವು. ನನಗೆ ಬಾಯಾರಿಕೆ ಆಗಿ ನನ್ನ ನೀರಿನ ಬಾಟ್ಲಿ ಎತ್ತಿಕೊಂಡೆ. ಅಂಗಡೀಲಿ ಸಿಗುತ್ತಲ್ಲ, ಒಂದು ಲೀಟರಿನದು, ಎಲ್ಲರ ಮನೇಲೂ ಇರೋದು. ಕುಡಿದು ಮೇಜಿನ ಮೇಲೆ ಅಡ್ಡ ಇಟ್ಟೆ. ಅದು ಹೋಗಿ ಖಾಲಿ ಹಾಳೆಯ ಮೇಲೆ ಮಲಗಿತು. ಹಾಳೆ ಅದಕ್ಕೇ ಅಳತೆ ಮಾಡಿ ಕತ್ತರಿಸಿದ ಹಾಗಿತ್ತು, ಮೇಲೆ ಕೆಳಗೆ ಬೆರಳಷ್ಟೇ ಜಾಗ ಉಳಿದಿತ್ತು.

"ಮೇಷ್ಟ್ರೇ!" ಅಂತ ಕೂಗಿದೆ. "ಬಾಟ್ಲಿ ಇದ್ದಷ್ಟೇ ದೊಡ್ಡದಾಗಿ ಬರೆದ್ರೆ? ಪ್ಯಾಕೆಟ್ಟೂ ಇದ್ದಷ್ಟೇ. ಅಳತೆ ಓದೋದೇ ಬೇಡ, ಕಾಗದದ ಪಕ್ಕ ಬಾಟ್ಲಿ ಹಿಡಿದು ನೋಡಲಿ!"

ಅವರು ಕಣ್ಣು ಅರ್ಧ ಮುಚ್ಚಿದರು, ಬಿಟ್ಟರು, ಮತ್ತೆ ಮುಚ್ಚಿದರು. "ಅಕ್ಕ, ಇಪ್ಪತ್ತು ವರ್ಷದಿಂದ ಬರೀತಿದ್ದೀನಿ, ಇದು ನನಗೆ ಹೊಳೆದಿರಲಿಲ್ಲ" ಅಂದರು. ಹದಿನಾರು ವರ್ಷದಲ್ಲಿ ನನಗೆ ಸಿಕ್ಕ ಮೊದಲನೇ ಬಹುಮಾನ ಅದು, ಸುಳ್ಳಲ್ಲ.

ಬಾಟ್ಲಿ ನಿಂತಿತು. ಅದರ ಬಾಯಿಗೆ ಪ್ಯಾಕೆಟ್ಟು ಬಗ್ಗಿತು. ಪಕ್ಕದಲ್ಲಿ ಒಬ್ಬ ತಾಯಿಯ ಮುಖ, ಬಾಟ್ಲಿಯನ್ನೇ ನೋಡ್ತಿರೋ ಹಾಗೆ. "ಒಂದು ಲೀಟರ್ ನೀರು, ಪೂರ್ತಿ ಪ್ಯಾಕೆಟ್" ಅನ್ನೋದು ಬಾಟ್ಲಿಗೆ ಅಂಟಿಕೊಂಡ ಹಾಗೆ ಹತ್ತಿರದಲ್ಲಿ, ದಪ್ಪಗೆ. ಕೈ ತೊಳೆಯೋ ವಿಷಯ, ಫೋನ್ ನಂಬರು, ಹದಿನಾಲ್ಕು ಹೆಸರು ಎಲ್ಲ ಹಿಂದಿನ ಪುಟಕ್ಕೆ ಹೋದವು. ಹೂಬಳ್ಳಿಯನ್ನ ನನ್ನ ಕೈಯಾರೆ ಅಳಿಸಿದೆ. ಸ್ವಲ್ಪ ಸಂಕಟ ಆಯ್ತು, ಸುಳ್ಳು ಯಾಕೆ ಹೇಳಲಿ.

ಅಜ್ಜಿಯ ಮುಂದೆ ಹಿಡಿದು ಮೂರು ಎಣಿಸಿದೆವು. "ಬಾಟ್ಲಿ ತುಂಬ ನೀರು, ಪ್ಯಾಕೆಟ್ ಪೂರ್ತಿ ಸುರೀಬೇಕು" ಅಂದಳು. ಆಮೇಲೆ ತಕ್ಕಡಿ ಎತ್ತಿಕೊಂಡು, "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಅಂದಳು.

ಹೌದು, ಬೇಕಾಯ್ತು. ಕಣ್ಣಿಗೆ ಸುಲಭ ಅನ್ನಿಸೋ ಕಾಗದದ ಹಿಂದೆ ಎಷ್ಟು ಕೆಲಸ ಇರುತ್ತೆ ಅಂತ ಆಗ ಗೊತ್ತಾಯ್ತು.

ಈಗ ಆ ಕರಪತ್ರ ಎಂಟುನೂರು ಮನೆಯಲ್ಲೂ ಇದೆ. ಹೋದ ವಾರ ನಾನು ಮಗಳ ಮನೇಲಿದ್ದಾಗ ಪಕ್ಕದ ಮನೆಯಾಕೆ ಓಡಿ ಬಂದಳು. ಅವಳ ಮಗನಿಗೆ ಭೇದಿ, ಕೈಯಲ್ಲಿ ಓಆರ್‌ಎಸ್ ಪ್ಯಾಕೆಟ್ಟು, ಮುಖದಲ್ಲಿ ಗಾಬರಿ. "ಇದಕ್ಕೆ ಎಷ್ಟು ನೀರು ಅಂತ ಹೇಳಿದ್ರಿ, ಮರೆತೇಹೋಯ್ತು" ಅಂದಳು. ನಾನು ಬಾಯಿ ತೆಗ್ಯೋ ಮೊದಲೇ ಗುಬ್ಬಿ ಮೇಜಿನ ಮೇಲಿದ್ದ ನೀರಿನ ಬಾಟ್ಲಿಯನ್ನ ಎರಡೂ ಕೈಯಲ್ಲಿ ತಬ್ಬಿಕೊಂಡು ಕಪಾಟಿನ ಹತ್ರ ಹೋದಳು. ಅಲ್ಲಿ ಅಂಟಿಸಿದ್ದ ಹೊಸ ಕರಪತ್ರದ ಬಾಟ್ಲಿಯ ಪಕ್ಕ ಆ ಬಾಟ್ಲಿ ಹಿಡಿದು ನಿಂತಳು.

"ಇಷ್ಟು" ಅಂದಳು.

ಮೂರು ವರ್ಷದ ಮಗು. ಇನ್ನೂ ಒಂದಕ್ಷರ ಬಾರದು. ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವಳು ನನ್ನ ಕೈ ಹಿಡಿದುಕೊಂಡಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಓಆರ್‌ಎಸ್ ಕಲಸೋ ಮೊದಲು ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಅಂತ ಬರೆದಿದೆ ಅಂತ ನೋಡಿ. ಚಿಕ್ಕ ಪ್ಯಾಕೆಟ್ಟೂ ಇರುತ್ತೆ, ದೊಡ್ಡದೂ ಇರುತ್ತೆ. ಒಂದು ಲೀಟರಿನ ಪ್ಯಾಕೆಟ್ಟಾದ್ರೆ ಶುದ್ಧವಾದ ಒಂದು ಲೀಟರ್ ನೀರಿಗೆ ಪೂರ್ತಿ ಪ್ಯಾಕೆಟ್ಟು ಹಾಕಿ. ಕಲಸಿದ್ದನ್ನ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಮಗು ಮಂಕಾದ್ರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತು. ಸಂಘದ ನೋಟಿಸು, ಶಾಲೆಯ ಬೋರ್ಡು, ಅಂಗಡಿಯ ಚೀಟಿ, ಏನೇ ಬರೆಯೋ ಹಾಗಿದ್ರೂ ನಿಮಗೆ ಹೇಳಬೇಕು ಅನ್ನಿಸಿದ್ದನ್ನೆಲ್ಲ ತುಂಬಬೇಡಿ. ಅದನ್ನ ನೋಡೋರು ಯಾವ ಅವಸರದಲ್ಲಿ, ಯಾವ ಹೆದರಿಕೆಯಲ್ಲಿ ಬರ್ತಾರೆ ಅಂತ ಒಂದು ಗಳಿಗೆ ಯೋಚನೆ ಮಾಡಿ. ಬರೆದಾದ ಮೇಲೆ, ಆ ವಿಷಯ ಗೊತ್ತಿಲ್ಲದವರಿಗೆ ತೋರಿಸಿ ಕೇಳಿ. ಅವರಿಗೆ ತಿಳಿಯದಿದ್ರೆ ಅವರನ್ನ ಬೈಬೇಡಿ, ಕಾಗದ ತಿದ್ದಿ.

ಈಗ ಇದನ್ನ ಓದ್ತಾ ಕೂತ ಕೋಣೆಯ ಗೋಡೆ ಮೇಲೆ ಒಂದಲ್ಲ ಒಂದು ನೋಟಿಸು ಇದ್ದೇ ಇರುತ್ತೆ. ತಲೆ ಎತ್ತಿ ಅದನ್ನ ನೋಡಿ. ಒಂದು, ಎರಡು, ಮೂರು. ಕಣ್ಣು ಮುಚ್ಚಿ. ಏನು ಉಳೀತು? ಏನೂ ಉಳೀಲಿಲ್ಲ ಅಂದ್ರೆ ಇವತ್ತೇ ಅದನ್ನ ಕೆಳಗಿಳಿಸಿ, ಎಲ್ಲರೂ ಸೇರಿ ಹೊಸದಾಗಿ ಬರೀರಿ. ಅದನ್ನ ನಂಬಿಕೊಂಡ ಮಗು ಯಾರ ಮನೇದು ಅಂತ ನಮಗೆ ಮೊದಲೇ ಗೊತ್ತಿರಲ್ಲ. ನನಗೂ ಗೊತ್ತಿರಲಿಲ್ಲ.